ಖಾಲಿ ಡಬ್ಬಿ ತಿರುಗಿ ಕೊಡಬಾರದು

ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಮೊದಲು ಬಡಿದದ್ದು ಸಿದ್ರಾಮಪ್ಪನ ಮೂಗಿಗೆ. ಹಾಲ್‌ನಲ್ಲಿ ಪೇಪರು ಹಿಡಿದು ಕೂತಿದ್ದವನು ಅದನ್ನು ಕೆಳಗಿಳಿಸಿ, ಎರಡು ಸಲ ಮೂಗೆಳೆದು, ಇದು ನಮ್ಮ ಮನೆಯದಲ್ಲ, ಪಕ್ಕದವರದು ಅಂದುಕೊಂಡು ಮತ್ತೆ ಪೇಪರೆತ್ತಿದ. ಅವನದೇನೂ ತಪ್ಪಿಲ್ಲ. ಇಂಡಿ ತಾಲೂಕಿನಿಂದ ಪುಣೆಗೆ ಸೊಸೆಯಾಗಿ ಬಂದು ಹಡಪಸರದ ಈ ಮನೆಯಲ್ಲಿ ಒಲೆ ಹಚ್ಚಿದಂದಿನಿಂದ ಭೀಮವ್ವ ಒಂದು ರೊಟ್ಟಿ ಸುಟ್ಟವಳಲ್ಲ. ಮಗರಪಟ್ಟಾದ ಕಂಪನಿಗಳಲ್ಲಿ ದುಡಿಯುವ ಹುಡುಗರು ಅವಳ ಕೈಯ ರೊಟ್ಟಿ ಪಲ್ಯಕ್ಕೆ ಡಬ್ಬಿ ಹಚ್ಚಿಸಲು, ಅಂದರೆ ತಿಂಗಳ ಲೆಕ್ಕದಲ್ಲಿ ದಿನಾ ಊಟ ತರಿಸಿಕೊಳ್ಳಲು, ಸರದಿ ಕಾಯುತ್ತಾರೆ. ಅಂಥವಳ ಹಂಚಿನಿಂದ ಹೊಗೆ ಬರುತ್ತದೆ ಅಂದರೆ ಯಾರು ನಂಬಬೇಕು?

ಹೊಗೆ ಹಾಲ್‌ಗೇ ಬಂದಾಗ ನಂಬಲೇಬೇಕಾಯಿತು. ಎದ್ದು ಹೋಗಿ ನೋಡಿದರೆ ರೊಟ್ಟಿ ಕಮರಿ ಕರ್ರಗಾಗಿದೆ. ಭೀಮವ್ವ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು, ಹಿಟ್ಟಿನ ಡಬ್ಬಕ್ಕೆ ಆನಿಸಿಟ್ಟ ಮೊಬೈಲನ್ನು ದಿಟ್ಟಿಸುತ್ತ ನಿಂತಿದ್ದಾಳೆ.

"ಯಾರರೆ ಸತ್ರೇನು?" ಅಂದ ಸಿದ್ರಾಮಪ್ಪ, ಗ್ಯಾಸು ಆರಿಸುತ್ತ.

"ಬಿಡ್ತು ಅನ್ರಿ! ಮುಕ್ತಾ ಕಿಡಕಿ ಮುಚ್ಚತಾಳಂತ."

"ಮಳಿ ಬಂದ್ರ ಕಿಡಕಿ ಮುಚ್ಚೂದಽ ಮತ್ತ." ಹಾಗಂದವನು ಯಾಕೋ ಹಾಲ್‌ಗೆ ಹೋಗದೆ ಅಲ್ಲೇ ನಿಂತ. ಭೀಮವ್ವನಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನ ಇರಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಇನ್ನೊಂದು ಸಲ ಓದಿದಳು.

"ಘಾಟಿನ ಕಿಡಕಿಯೊಳಗ ಎಷ್ಟು ಮಂದಿ ಹಣಿಕಿ ನೋಡಿದರು ಅನ್ನೂದನ್ನ ತೋರಿಸಲಿಕ್ಕೆ ಒಂದು ಮೀಟರು ಅದ. ಈ ಮಳಿಗಾಲ ಸುರುವಾದಾಗಿಂದ ಅದು ಸೊನ್ನಿ ತೋರಿಸಾಕತ್ತದ. ಕೇಳವರಿಲ್ಲದ ಮಾತು ಎಷ್ಟಂತ ಆಡೂದು? ರವಿವಾರ ದೀಪಾ ಹಚ್ಚೂ ಹೊತ್ತಿಗೆ ಬರದದ್ದೆಲ್ಲಾ ಅಳಿಸಿ ಕಿಡಕಿ ಮುಚ್ಚತೀನಿ. ಮಾಮಲೇದಾರಗ ಅಷ್ಟು ಹೇಳೀನಿ. ಅಂವಾ ಬಾಲಾ ಅಳ್ಳಾಡಿಸಿ ಹ್ಞೂಂ ಅಂದಾನ."

"ಸೊನ್ನಿ?" ಅಂದಳು ಭೀಮವ್ವ, ಸುಟ್ಟ ರೊಟ್ಟಿಗೆ ಕೇಳುವ ಹಾಗೆ. "ಸೊನ್ನಿ ಅಂದ್ರ ಹೆಂಗ? ಹಂಗಾದ್ರ ನಾ ಯಾರು?"

ಈ ಮುಕ್ತಾ ಯಾರು ಅನ್ನುವುದನ್ನು ಹೇಳಬೇಕಾದರೆ ಹೋದ ವರ್ಷದ ಮಳೆಗಾಲಕ್ಕೆ ಹೋಗಬೇಕು. ಭೀಮವ್ವನಿಗೆ ಕನ್ನಡ ಓದುವ ಹುಚ್ಚು. ಪುಣೆಯಲ್ಲಿ ಬೋರ್ಡು ಮರಾಠಿ, ಬಸ್ಸು ಮರಾಠಿ, ಕೊತ್ತಂಬರಿ ಮಾರುವವಳು ಮರಾಠಿ. ಸೊಸೆ ನೀತಾ ಮೊಬೈಲಿನಲ್ಲಿ ಕನ್ನಡ ಸಿಗುತ್ತದೆ ಅಂತ ತೋರಿಸಿಕೊಟ್ಟದ್ದೇ ತಡ, ದಿನಾ ಬೆಳಿಗ್ಗೆ ಕೂತು ಅವರಿವರ ಬ್ಲಾಗುಗಳ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹುಡುಕತೊಡಗಿದಳು. ಅರ್ಧ ಜನ ಹೊಸದೇನೂ ಬರೆದಿರುತ್ತಿರಲಿಲ್ಲ. ಕೀಲಿ ಹಾಕಿದ ಮನೆಗೆ ಹೋಗಿ ಬಂದ ಹಾಗೆ ಸಪ್ಪೆ ಮುಖ ಮಾಡಿಕೊಂಡು ಏಳುತ್ತಿದ್ದಳು. ಫೇಸ್‌ಬುಕ್ಕಿಗೆ ಹೋದರೆ ಕೇಳಿದ್ದು ಒಂದು, ಬಂದದ್ದು ಹತ್ತು. ಹೊಟ್ಟೆ ಕರಗಿಸುವ ಪುಡಿ ಮಾರುವವರೇ ಅಲ್ಲಿ ಪಟೇಲರು.

ನೀತಾ ತುಮಕೂರಿನ ಹುಡುಗಿ, ವಿಮಾನ ನಗರದಲ್ಲಿ ಕೆಲಸ. ಅತ್ತೆಯ ಈ ಪಾಡು ನೋಡಿ ಒಂದು ದಿನ ಮೊಬೈಲು ಇಸಿದುಕೊಂಡು ಹೇಳಿದಳು: "ಅತ್ತೆ, ನೀವು ಹೀಗೆ ದಿನಾ ಮನೆಮನೆ ಸುತ್ತೋದು ಬೇಡ. ಇಂಥ ಒಂದೊಂದು ಬ್ಲಾಗಿಗೂ ಫೀಡ್ ಅಂತ ಇರುತ್ತೆ. ಅದರ ಅಡ್ರೆಸ್ ಒಂದ್ಸಲ ಈ ಆಪ್‌ಗೆ ಕೊಟ್ಟುಬಿಟ್ರೆ ಸಾಕು. ಅವರು ಹೊಸದೇನಾದ್ರೂ ಬರೆದ್ರೆ ಅದೇ ಇಲ್ಲಿಗೆ ಬಂದು ಕೂತಿರುತ್ತೆ. ಹೆಸರಿನ ಪಕ್ಕ ಒಂದು ಅಂತ ನಂಬರ್ ಬಿದ್ರೆ ಒಂದು ಬಂದಿದೆ ಅಂತ ಅರ್ಥ. ನೀವು ಕರೆದವರು ಮಾತ್ರ ಬರ್ತಾರೆ, ಬೇರೆ ಯಾರೂ ನುಗ್ಗಲ್ಲ."

ಭೀಮವ್ವ ಒಂದು ಗಳಿಗೆ ಯೋಚಿಸಿದಳು. "ಅಂದ್ರ ಡಬ್ಬಿ ಹಚ್ಚಿದಂಗ."

"ಕರೆಕ್ಟಾಗಿ ಹಾಗೇ ಅತ್ತೆ!" ನೀತಾ ಚಪ್ಪಾಳೆ ತಟ್ಟಿದಳು.

ಮುಂದಿನ ಎಡವಟ್ಟಿಗೆಲ್ಲ ಬೇರು ಇಲ್ಲೇ ಇದೆ. ಡಬ್ಬಿ ಕಳಿಸುವವರಿಗೆ ಅದು ಯಾವ್ಯಾವ ಮನೆಗೆ ಹೋಗುತ್ತದೆ ಅನ್ನುವುದು ಗೊತ್ತಿರುತ್ತದೆ. ಯಾವ ಹುಡುಗ ಖಾರ ತಿನ್ನುವುದಿಲ್ಲ, ಯಾವನು ಸೋಮವಾರ ಉಪವಾಸ, ಎಲ್ಲ ಭೀಮವ್ವನ ಬಾಯಲ್ಲೇ ಇದೆ. ಹಾಗಾಗಿ ಬರೆದು ಕಳಿಸುವವರಿಗೂ ತನ್ನ ಗುರುತು ಇದ್ದೇ ಇರುತ್ತದೆ ಅಂತ ಅವಳು ಅಂದುಕೊಂಡುಬಿಟ್ಟಳು. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದು ಅದರಲ್ಲಿ ಏನಿದೆ?

ಹೀಗೆ ಮನೆಗೆ ಬರುತ್ತಿದ್ದ ಬರಹಗಳಲ್ಲೆಲ್ಲ ಅವಳ ಜೀವಕ್ಕೆ ಹತ್ತಿರವಾದದ್ದು 'ಘಾಟಿನ ಕಿಡಕಿ'. ಬರೆಯುವವಳು ಮುಕ್ತಾ, ಲೋಣಾವಳಾದವಳು. ತವರು ಅಥಣಿ ಕಡೆ, ಗಂಡನ ಮನೆ ಅಪ್ಪಟ ಮರಾಠಿ. ಗಂಡ ಶೇಂಗಾ ಚಿಕ್ಕಿಯ ಅಂಗಡಿ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಕನ್ನಡದ ಒಂದಕ್ಷರ ಬಲ್ಲವರಿಲ್ಲ. ಆದ್ದರಿಂದಲೇ ಆಕೆ ಮನೆಯ ಸಂಗತಿಯನ್ನೆಲ್ಲ ಎಗ್ಗಿಲ್ಲದೆ ಬರೆಯುತ್ತಿದ್ದಳು, ಅದೂ ಅಥಣಿಯ ಆಡುಮಾತಿನಲ್ಲಿ. ದಿನಕ್ಕೊಂದು ಸಲ ಎಲ್ಲ ಕೋಣೆಗಳ ತಪಾಸಣೆ ಮಾಡುವ ಬೆಕ್ಕಿಗೆ ಮಾಮಲೇದಾರ ಅಂತ ಹೆಸರು. ಉಳಿದ ಬಣ್ಣ ಹಾಳಾಗಬಾರದು ಅಂತ ಗಂಡ ಬಳಿದ ಗುಲಾಬಿ ಮೆಟ್ಟಿಲು, ಅದರ ಪಕ್ಕದ ಪೇರಲ ಗಿಡ, ಸೋರುವ ಛತ್ತು, ಸಕ್ಕರೆ ಕಾಯಿಲೆಯ ಅತ್ತೆ ದೇವರ ಕಪಾಟಿನಲ್ಲಿ ಗಣಪತಿಯ ಹಿಂದೆ ಬಚ್ಚಿಡುವ ಬೇಸನ್ ಉಂಡೆ — ಭೀಮವ್ವನಿಗೆ ಅದೆಲ್ಲ ಸ್ವಂತ ಓಣಿಯ ಸುದ್ದಿ. ಬೆಳಿಗ್ಗೆ ಹಂಚು ಕಾಯಲು ಇಟ್ಟು, ಹೆಸರಿನ ಪಕ್ಕ ಒಂದು ಕಂಡರೆ, "ಬಾರವ್ವಾ ಮುಕ್ತವ್ವಾ, ಏನ್ ತಂದಿ ಇವತ್ತ?" ಅಂತ ಬಾಯಿಬಿಟ್ಟೇ ಕೇಳುತ್ತಿದ್ದಳು. ಮಧ್ಯಾಹ್ನ ಉಣ್ಣುವಾಗ ಗಂಡನಿಗೆ ವರದಿ. "ಮುಕ್ತಾನ ಮನ್ಯಾಗ ಮತ್ತ ಛತ್ತ ಸೋರಾಕತ್ತದಂತ್ರಿ." ಸಿದ್ರಾಮಪ್ಪ ತಲೆ ಎತ್ತದೆ ಹ್ಞೂಂ ಅನ್ನುತ್ತಿದ್ದ.

ಎಲ್ಲವನ್ನೂ ಹೇಳುತ್ತಿದ್ದಳು ಅಂತಲ್ಲ. ಒಂದನ್ನು ಮಾತ್ರ ಮುಚ್ಚಿಟ್ಟಿದ್ದಳು. ಗಂಡನ ಜೊತೆ ಜಗಳವಾದ ಮರುದಿನ, ಬೇಕರಿಯ ಭಟ್ಟಿಯ ವಾಸನೆಗೆ ಬೆಳಗಿನ ಜಾವವೇ ಎದ್ದು ಕೂತು ಮುಕ್ತಾ ಬರೆದದ್ದು ಅದು: "ಜಗತ್ತಿನಾಗ ಗಂಡಸರು ಎರಡು ಥರಾ. ಅಡಗಿ ಚಲೋ ಆಗೇದ ಅನ್ನದವರು ಒಂದು ಥರಾ. ಇನ್ನೊಂದು ಥರಾ ನಾ ನೋಡಿಲ್ಲ." ಭೀಮವ್ವ ಅದನ್ನು ಓದಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದಳು. ಗಂಡನಿಗೆ ಹೇಳಿದರೆ ಚುಚ್ಚಿದ ಹಾಗಾದೀತು ಅಂತ ಸುಮ್ಮನಿದ್ದಳು. ವಿಚಿತ್ರ ಅಂದರೆ ಅದೇ ರಾತ್ರಿ ಊಟಕ್ಕೆ ಕೂತಾಗ ಸಿದ್ರಾಮಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಇವತ್ತ ಎಣಗಾಯಿ ಭಾಳ ಚಲೋ ಆಗೇದ" ಅಂದಿದ್ದ. ಭೀಮವ್ವ ಗಾಬರಿಯಾಗಿ ಎದ್ದು ಹೋಗಿ ಅವನ ಹಣೆ ಮುಟ್ಟಿ ನೋಡಿದ್ದಳು, ಜ್ವರ ಬಂದಿದೆಯೇನೋ ಅಂತ.

ಅಂಥ ಮುಕ್ತಾ ಈಗ ಕಿಡಕಿ ಮುಚ್ಚುತ್ತಾಳೆ.

ಸಂಜೆ ನೀತಾ ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಭೀಮವ್ವ ಮೊಬೈಲು ಮುಂದೆ ಹಿಡಿದಳು. ನೀತಾ ಓದಿದಳು. "ಅಯ್ಯೋ ಪಾಪ. ಅತ್ತೆ, ಫೀಡಲ್ಲಿ ಓದಿದ್ರೆ ಅವರ ಮೀಟರ್‌ನಲ್ಲಿ ಬರಲ್ಲ. ಅವರ ಸೈಟಿಗೇ ಹೋಗಿ ನೋಡಿದ್ರೆ ಮಾತ್ರ ಲೆಕ್ಕ. ಬರಹ ಪೂರ್ತಿ ನಮ್ಮ ಆಪ್‌ಗೇ ಬಂದ್ಬಿಡುತ್ತಲ್ಲ, ನಾವು ಇಲ್ಲೇ ಓದಿ ಮುಗಿಸ್ತೀವಿ. ಅವರಿಗೆ ಹೇಗೆ ಗೊತ್ತಾಗ್ಬೇಕು?"

"ಡಬ್ಬಿ ಕಳಸವರಿಗೆ ಯಾರ ಮನಿಗೆ ಹೋಗತದ ಗೊತ್ತಿರೂದಿಲ್ಲೇನು?"

"ಇಲ್ಲ ಅತ್ತೆ. ಇದರಲ್ಲಿ ಗೊತ್ತಿರಲ್ಲ."

ಭೀಮವ್ವ ಸೋಫಾದ ಮೇಲೆ ಕುಸಿದಳು. "ಅಂದ್ರ ವರ್ಷಪೂರ್ತಿ ಆಕಿ ಮನ್ಯಾಗ ಉಂಡು ಕೈ ತೊಳದು, ಒಂದು ಮಾತು ಹೇಳದಽ ಎದ್ದು ಬಂದಂಗ ಆತಲ್ಲ ನಂದು!"

ಅವಳ ಸಂಕಟ ಸಣ್ಣದಲ್ಲ. ಅವರ ಕಡೆ ಒಂದು ರೀತಿ ಇದೆ. ನೆರೆಮನೆಯವರು ಪಲ್ಯ ಕೊಟ್ಟು ಕಳಿಸಿದರೆ ಆ ಡಬ್ಬಿಯನ್ನು ಖಾಲಿ ತಿರುಗಿ ಕೊಡಬಾರದು. ಏನಾದರೂ ಹಾಕಿಯೇ ಕೊಡಬೇಕು. ಮನೆಯಲ್ಲಿ ಏನೂ ಇಲ್ಲದಿದ್ದರೆ ತಳಕ್ಕೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಭೀಮವ್ವನ ತಾಯಿ ಬರಗಾಲದಲ್ಲೂ ಈ ರೀತಿ ಬಿಟ್ಟವಳಲ್ಲ. ಡಬ್ಬಿ ಹಚ್ಚಿಸಿದ ಹುಡುಗರು ಖಾಲಿ ಕೊಟ್ಟರೆ ನಡೆಯುತ್ತದೆ, ಅವರು ದುಡ್ಡು ಕೊಡುತ್ತಾರೆ. ಮುಕ್ತಾಗೆ ಇವಳು ಏನು ಕೊಟ್ಟಿದ್ದಾಳೆ?

"ಈಗ ಹೇಳೂಣು. ಹೆಂಗ ಹೇಳೂದು?"

ನೀತಾ ಮುಕ್ತಾಳ ಸೈಟನ್ನೇ ತೆರೆದು ಮೇಲೆ ಕೆಳಗೆ ಹುಡುಕಿದಳು. ಲಾಟರಿ ಹೊಡೆದಿದೆ ಅಂತ ಬರೆಯುವವರ ಕಾಟಕ್ಕೆ ಆಕೆ ಕಮೆಂಟು ಹಾಕುವ ಜಾಗವನ್ನು ಎಂದೋ ಮುಚ್ಚಿಸಿದ್ದಳು. ಫೋನ್ ನಂಬರಿಲ್ಲ, ಇಮೇಲಿಲ್ಲ, ಅಡ್ಡಹೆಸರು ಕೂಡ ಇಲ್ಲ. "ಏನೂ ಇಲ್ಲ ಅತ್ತೆ. ಆದ್ರೆ ನಾನೀಗ ಸೈಟ್ ಓಪನ್ ಮಾಡಿದ್ನಲ್ಲ, ಮೀಟರ್ ಒಂದಾಗಿರುತ್ತೆ."

"ಅದು ಭೀಮವ್ವ ಅಂತ ಆಕಿಗೆ ತಿಳೀತದೇನು?"

"ಇಲ್ಲ. ಬರೀ ಒಂದು."

"ಹಂಗಾದ್ರ ಅದು ನಾ ಅಲ್ಲ," ಅಂದಳು ಭೀಮವ್ವ. ಸೋಫಾದಿಂದ ಎದ್ದು, "ರವಿವಾರ ನಾ ಲೋಣಾವಳಾಕ್ಕ ಹೋಗ್ತೀನಿ."

"ಅತ್ತೆ! ಗುರುತಿಲ್ಲದವರ ಮನೆಗೆ ಹಾಗೆಲ್ಲ ಹೇಳದೆ ಕೇಳದೆ ಹೋಗ್ತಾರಾ?"

"ಹೇಳಾಕ ದಾರಿ ಇದ್ರ ಹೇಳತಿದ್ನಲ್ಲ. ಮತ್ತ ಗುರುತಿಲ್ಲ ಅಂತ ಯಾಕಂತಿ? ಆಕಿ ಬೆಕ್ಕಿಗೆ ಯಾವ ಕಾಲು ಕುಂಟು ಅಂತ ನನಗ ಗೊತ್ತದ."

"ಮನೆ ಎಲ್ಲಿ ಅಂತ ಗೊತ್ತಾ?"

ಅದು ಗೊತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಸಿದ್ರಾಮಪ್ಪ, "ಹುಚ್ಚು ಹಿಡದದ ಈಕಿಗೆ. ಒಬ್ಬಾಕಿನ್ನ ಬಿಡಾಕ ಬರೂದಿಲ್ಲ, ನಾನೂ ಹೋಗಬೇಕು," ಅಂತ ಗೊಣಗಿಕೊಂಡು ಒಳಗೆ ಹೋಗಿ ಕೊಡೆ ಹುಡುಕತೊಡಗಿದ. ಹೊರಡುವುದಕ್ಕೆ ಇನ್ನೂ ಒಂದು ದಿನ ಇತ್ತು.

ರವಿವಾರ ಲೋಣಾವಳಾ ಲೋಕಲಿನಲ್ಲಿ ಕಾಲಿಡಲು ಜಾಗವಿಲ್ಲ. ಮಳೆಯಲ್ಲಿ ನೆನೆಯಲೆಂದೇ ಹೊರಟ ಹುಡುಗ ಹುಡುಗಿಯರ ಗುಂಪು, ಹಾಡು, ಕೂಗಾಟ. ಅವರ ನಡುವೆ ಭೀಮವ್ವ ಇಳಕಲ್ ಸೀರೆಯಲ್ಲಿ, ತೊಡೆಯ ಮೇಲೆ ಸ್ಟೀಲಿನ ದೊಡ್ಡ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಬಾಳೆಲೆಯಲ್ಲಿ ಸುತ್ತಿದ ಶೇಂಗಾ ಹೋಳಿಗೆ. ರಾತ್ರಿಯೇ ಮಾಡಿಟ್ಟಿದ್ದಳು. ಮುಕ್ತಾ ಅಥಣಿಯ ಚಟ್ನಿಯ ರುಚಿ ನೆನೆಸಿಕೊಂಡು ಒಮ್ಮೆ ಬರೆದಿದ್ದಳು, ಚಿಕ್ಕಿಯ ಊರಲ್ಲಿ ಶೇಂಗಾಕ್ಕೆ ಖಾರ ಹಾಕುವವರೇ ಇಲ್ಲ ಅಂತ.

ಸ್ಟೇಶನ್ನಿನ ಹೊರಗೆ ಮಳೆ ಜಡಿಯುತ್ತಿತ್ತು. ಭೀಮವ್ವ ಚಿಕ್ಕಿ ಅಂಗಡಿಗೊಂದು ಸಲ ನಿಂತು ಮರಾಠಿಯಲ್ಲಿ ವಿಚಾರಿಸಿದಳು. ಎಲ್ಲರೂ ಚಿಕ್ಕಿ ತೂಗಲು ಬಂದರೇ ಹೊರತು ಮುಕ್ತಾ ಯಾರಿಗೂ ಗೊತ್ತಿಲ್ಲ. ಪೇರಲ ಗಿಡ ಇರುವ ಮನೆ ಅಂದರೆ, ಇಲ್ಲಿ ಪೇರಲ ಗಿಡ ಇಲ್ಲದ ಮನೆ ಯಾವುದಿದೆ ಅಂತ ಅವರೇ ತಿರುಗಿ ಕೇಳಿದರು. ಅಡ್ಡಾಡಿ ಅಡ್ಡಾಡಿ ಸೀರೆ ಮೊಳಕಾಲ ತನಕ ತೊಯ್ದಿತು. ಮಧ್ಯಾಹ್ನ ಜಾರುತ್ತಿತ್ತು. ದೀಪ ಹಚ್ಚುವ ಹೊತ್ತು ಈ ಮೋಡದಲ್ಲಿ ಬೇಗ ಬಂದುಬಿಟ್ಟರೆ ಗತಿ ಏನು ಅಂತ ಅವಳು ಗಳಿಗೆಗೊಮ್ಮೆ ಆಕಾಶ ನೋಡತೊಡಗಿದಳು. ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು ನಿಂತುಬಿಟ್ಟಳು.

"ನಡೀರಿ, ಹೋಗಿಬಿಡೂಣು. ನನ್ನ ಹುಚ್ಚಿಗೆ ನಿಮ್ಮನ್ನೂ ತೋಯಿಸಿದೆ."

"ಬಂದಾಗಿಂದ ಚಿಕ್ಕಿ ಅಂಗಡಿ ಚಿಕ್ಕಿ ಅಂಗಡಿ ಅಂತ ತಿರಗಾಕತ್ತಿ," ಅಂತ ಸಿದ್ರಾಮಪ್ಪ ರೇಗಿದ. "ಬೇಕರಿ ಹುಡುಕಬೇಕಲ್ಲ! ಬೇಕರಿ ಭಟ್ಟಿ ವಾಸನಿಗೆ ನಸಿಕಿನ್ಯಾಗ ಎಚ್ಚರಾತು ಅಂತ ಬರದಾಳ. ಅಂದ್ರ ಬೇಕರಿ ಹಿಂದಽ ಇರಬೇಕು ಮನಿ."

ಹೇಳಿ ಎರಡು ಹೆಜ್ಜೆ ನಡೆದವನು ಹಿಂದೆ ಯಾರೂ ಬರುತ್ತಿಲ್ಲ ಅಂತ ತಿರುಗಿ ನೋಡಿದ. ಭೀಮವ್ವ ನಿಂತಲ್ಲೇ ನಿಂತಿದ್ದಳು. ಕೈಯ ಕೊಡೆ ವಾಲಿ ಮಳೆಯೆಲ್ಲ ಹೆಗಲ ಮೇಲೆ ಸುರಿಯುತ್ತಿದ್ದರೂ ಅವಳಿಗೆ ಅರಿವಿಲ್ಲ.

"ಭಟ್ಟಿ ವಾಸನಿ ಸುದ್ದಿ ನಾ ನಿಮಗ ಹೇಳಿಲ್ಲ."

ಸಿದ್ರಾಮಪ್ಪ ತನ್ನ ಕೊಡೆಯ ಹಿಡಿಕೆ ನೋಡಿದ, ರಸ್ತೆ ನೋಡಿದ. "ಹೇಳಿದ್ದಿ."

"ಹೇಳಿಲ್ಲ. ಅದೊಂದಽ ನಾ ಹೇಳಿಲ್ಲ. ಗಂಡಸರು ಎರಡು ಥರಾ ಅಂತ ಬರದದ್ದಽ ಅವತ್ತು. ಅದಕ್ಕಽ ಮುಚ್ಚಿಟ್ಟಿದ್ದೆ." ಅಷ್ಟು ಹೇಳುವುದರೊಳಗೆ ಅವಳಿಗೆ ಆ ರಾತ್ರಿಯ ಎಣಗಾಯಿ ನೆನಪಾಯಿತು. "ಏನ್ರಿ! ಅದಕ್ಕಽ ಅವತ್ತು—"

"ನೀತಾ ನನ್ನ ಮೊಬೈಲಿಗೂ ಹಾಕಿಕೊಟ್ಟಾಳ," ಅಂದ ಸಿದ್ರಾಮಪ್ಪ ಹೊಟ್ಟೆಯೊಳಗಿನ ಮಾತನ್ನು ಉಗುಳುವ ಹಾಗೆ. "ಪೇಪರ್‌ನ್ಯಾಗ ಏನಿರತದ? ಆ ಮಾಮಲೇದಾರಂದು ಬಂದಾಗ ಚಲೋ ವ್ಯಾಳ್ಯಾ ಹೋಗತದ. ಪೇಪರಿನ ಹಿಂದ ಇಟಗೊಂಡು ಓದತೀನಿ. ಅದಕ್ಯಾಕ ಅಷ್ಟು ದೊಡ್ಡ ಕಣ್ಣು ಮಾಡ್ತಿ?"

ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ, ಇಬ್ಬರೂ ದಿನಾ ಅದನ್ನೇ ಓದುತ್ತಿದ್ದರು. ಅವಳ ವರದಿಗೆ ಹ್ಞೂಂ ಅನ್ನುತ್ತಿದ್ದ ಈ ಪುಣ್ಯಾತ್ಮನಿಗೆ ಎಲ್ಲ ಮೊದಲೇ ಗೊತ್ತಿತ್ತು! ಭೀಮವ್ವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನಡುರಸ್ತೆಯಲ್ಲಿ, ಮಳೆಯಲ್ಲಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನೆನೆಯಲು ಬಂದಿದ್ದ ಹುಡುಗಿಯರು ತಿರುಗಿ ನೋಡಿದರು.

"ನೋಡಿದ್ರಾ? ಕಟಗೊಂಡ ಹೆಂಡತಿಗೇ ನೀವು ಓದೂದು ಗೊತ್ತಿಲ್ಲ. ಪಾಪ ಆ ಮುಕ್ತಾಗ ಹೆಂಗ ಗೊತ್ತಾಗಬೇಕು?"

ಬೇಕರಿ ಹುಡುಕುವುದು ಕಷ್ಟವಾಗಲಿಲ್ಲ, ಮೂಗೇ ಕರೆದುಕೊಂಡು ಹೋಯಿತು. ಹಿಂದಿನ ಓಣಿಗೆ ತಿರುಗಿದರೆ ತಗಡಿನ ಮೇಲೆ ವಾಲಿದ ಪೇರಲ ಗಿಡ, ಅದರ ಕೆಳಗೆ ಥೇಟು ಗುಲಾಬಿ ಬಣ್ಣದ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಹಿಂದಿನ ಬಲಗಾಲು ಎತ್ತಿ ನಡೆಯುವ ಬೂದು ಬೆಕ್ಕೊಂದು ಇವರನ್ನು ತಪಾಸಣೆ ಮಾಡಿತು. "ಮಾಮಲೇದಾರ ಸಾಹೇಬ್ರ, ನಮಸ್ಕಾರ್ರಿ," ಅಂದ ಸಿದ್ರಾಮಪ್ಪ. ಸಂಕೋಚ ಈಗ ಪೂರ್ತಿ ಹೋಗಿತ್ತು.

ಬಾಗಿಲು ತೆರೆದವಳು ಕಚ್ಚೆ ಸೀರೆಯ ಮುದುಕಿ. "ಕೋಣ ಪಾಹಿಜೆ?" ಅಂತ ಗದರಿದ ಹಾಗೆ ಕೇಳಿದಳು, ಯಾರು ಬೇಕು ಅಂತ.

ಭೀಮವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ದಾರಿಯುದ್ದಕ್ಕೂ ಮುಕ್ತಾಗೆ ಏನು ಹೇಳಬೇಕು ಅಂತ ಕೂಡಿಸಿಕೊಂಡಿದ್ದಳು; ಅತ್ತೆಗೆ ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ. ನಿಮ್ಮ ಸೊಸೆ ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ಓದಿ ಬಂದಿದ್ದೇವೆ ಅನ್ನಲಾದೀತೆ? ಮುದುಕಿಯ ಹೆಗಲ ಮೇಲಿಂದ ದೇವರ ಕಪಾಟು ಕಾಣಿಸುತ್ತಿತ್ತು. ಗಣಪತಿಯ ಹಿಂದಿನ ಹಿತ್ತಾಳೆ ಡಬ್ಬದ ಅಂಚು ಕೂಡ. ಭೀಮವ್ವ ನೋಟ ಕಿತ್ತು ನೆಲಕ್ಕೆ ಇಳಿಸಿದಳು. ಉಂಡ ಮನೆಯ ಜಂತಿ ಎಣಿಸಬಾರದು.

"ಮೀ ತಿಚ್ಯಾ ಮಾಹೇರಚೀ," ಅಂದುಬಿಟ್ಟಳು. ನಾನು ಅವಳ ತವರಿನವಳು.

ಮುದುಕಿಯ ಮುಖ ಅರಳಿತು. "ಅಗಬಾಯಿ! ಮುಕ್ತಾ, ತುಝ್ಯಾ ಮಾಹೇರಚೀ ಮಾಣಸಂ ಆಲೀತ!" ಅಂತ ಒಳಗೆ ಕೂಗಿ, ತಾನೇ ಡಬ್ಬಿ ಇಸಿದುಕೊಳ್ಳಲು ಕೈ ಚಾಚಿದಳು.

ತವರಿನವರು ಅಂದದ್ದಕ್ಕೆ ಒದ್ದೆ ಕೈಯಲ್ಲೇ ಓಡಿ ಬಂದ ಹೆಂಗಸು ನಲವತ್ತರ ಆಚೀಚೆಯವಳು, ಕನ್ನಡಕ, ಹಣೆಗೆ ಅಂಟಿದ ಕೂದಲು. ಬಂದವಳು ಇಬ್ಬರನ್ನೂ ನೋಡಿ ಗೊಂದಲದಿಂದ ನಿಂತಳು. ಈ ಮುಖಗಳನ್ನು ಅವಳು ಕಂಡವಳೇ ಅಲ್ಲ.

ಭೀಮವ್ವ ಕನ್ನಡಕ್ಕೆ ತಿರುಗಿದಳು. "ಮುಕ್ತವ್ವಾ, ನಾ ಭೀಮವ್ವ. ಪುಣಾದಿಂದ ಬಂದೀನಿ. ನಿನ್ನ ಕಿಡಕ್ಯಾಗ ದಿನಾ ಹಣಿಕಿ ಹಾಕತೀನಿ ನಾ. ನಿಮ್ಮ ಛತ್ತ ಇನ್ನೂ ಸೋರಾಕತ್ತದೇನು? ಸೊನ್ನಿ ಅಂತ ಬರದೀಯಲ್ಲ, ಸೊನ್ನಿ ಅಲ್ಲವ್ವಾ. ಅದನ್ನ ಹೇಳಾಕ ಬಂದೆ."

ಮೂಲೆಯ ಬಕೆಟ್ಟಿಗೆ ಛತ್ತಿನಿಂದ ಒಂದು ಹನಿ ಟಪ್ಪಂತ ಬಿತ್ತು. ಮುಕ್ತಾ ಅದನ್ನು ನೋಡಿದಳು, ಭೀಮವ್ವನನ್ನು ನೋಡಿದಳು. ಆಮೇಲೆ ಒದ್ದೆ ಕೈಗಳಿಂದಲೇ ಬಂದು ಅಪ್ಪಿಕೊಂಡು ಅಳತೊಡಗಿದಳು, ಅಳುತ್ತಲೇ ನಗತೊಡಗಿದಳು. ತವರಿನವರನ್ನು ಕಂಡ ಸೊಸೆ ಹೀಗೆ ಅತ್ತರೆ ಯಾವ ಅತ್ತೆಗೂ ಅನುಮಾನ ಬರುವುದಿಲ್ಲ. ಮುದುಕಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಡುಗೆಮನೆಯಲ್ಲಿ ಕೂತು ಭೀಮವ್ವ ನೀತಾಗೆ ಫೋನು ಹಚ್ಚಿದಳು. ನೀತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುಕ್ತಾಗೆ ತನ್ನ ಬ್ಲಾಗಿಗೆ ಫೀಡ್ ಅನ್ನುವುದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಬ್ಲಾಗು ತೆರೆದ ದಿನವೇ ಅದು ತಾನಾಗಿ ಹುಟ್ಟಿಕೊಂಡಿರುತ್ತದಂತೆ.

"ಹಂಗಾದ್ರ ಇನ್ನೂ ಎಷ್ಟು ಮಂದಿ ಹಿಂಗ ಓದತಿರಬಹುದು?" ಅಂತ ಕೇಳಿದಳು ಮುಕ್ತಾ.

"ಗ್ಯಾರಂಟಿಯಾಗಿ ಹೇಳೋಕಾಗಲ್ಲ ಅಕ್ಕ. ಇಬ್ಬರಿರಬಹುದು, ಇನ್ನೂರು ಜನ ಇರಬಹುದು."

ಮುಕ್ತಾ ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯ ನಮ್ಮವ್ವಾ! ಅಷ್ಟು ಮಂದಿ ಮುಂದ ಅತ್ತಿ ಉಂಡಿ ಸುದ್ದಿ ಬರದೀನಲ್ಲ ಕಾಕೂ!" ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹಾಲ್‌ನಲ್ಲಿ ಮುದುಕಿ ಸಿದ್ರಾಮಪ್ಪನಿಗೆ ಮೊಣಕಾಲು ನೋವಿನ ಕಥೆ ಹೇಳುತ್ತಿದ್ದಳು. ಸಿದ್ರಾಮಪ್ಪ ಕೈ ತೊಳೆಯುವ ನೆಪದಲ್ಲಿ ಒಮ್ಮೆ ಅಡುಗೆಮನೆಯ ಕಡೆ ಎದ್ದು ಬಂದ. ಭೀಮವ್ವ ಆಗ ಮುದುಕಿಗೆ ಸಜ್ಜೆ ರೊಟ್ಟಿ ಕೊಡಲು ಹಾಲ್‌ಗೆ ಹೋಗಿದ್ದಳು. ತಿರುಗಿ ಬರುವಾಗ ಚಹಾ ಆಗಿತ್ತು; ಡಾಕ್ಟರು ಬಿಡಿಸಿದ್ದಾರೆ, ಗಂಡನ ಕಪ್ಪಿಗೆ ಸಕ್ಕರೆ ಬೇಡ ಅಂತ ಅವಳು ಮೊದಲೇ ಹೇಳಿದ್ದಳು. ಮನೆಯಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿಯುವಾಗ ಕಷಾಯದ ಮುಖ ಮಾಡುವ ಗಂಡ ಇಲ್ಲಿ ಕಣ್ಣು ಮುಚ್ಚಿ ಕುಡಿದು ಎರಡನೆಯ ಕಪ್ಪೂ ಕೇಳಿದ್ದನ್ನು ಕಂಡು, ಘಾಟಿನ ನೀರೇ ಸಿಹಿ ಇರಬೇಕು ಅಂದುಕೊಂಡಳು.

ಮುಕ್ತಾ ನಿಂತುಕೊಂಡೇ ರೊಟ್ಟಿಗೆ ಚಟ್ನಿ ಹಚ್ಚಿ ತಿಂದಳು. ಒಂದು ತುತ್ತಿಗೆ ಕಣ್ಣಲ್ಲಿ ನೀರು. "ಖಾರ ಆತೇನು?" ಅಂದರೆ, "ಇಲ್ಲ ಕಾಕೂ, ಸರಿ ಆಗೇದ," ಅಂದಳು.

ಹೊರಡುವಾಗ ಭೀಮವ್ವ ಅವಳ ಎರಡೂ ಕೈ ಹಿಡಿದಳು. "ಕಿಡಕಿ ಮುಚ್ಚಬ್ಯಾಡವ್ವಾ. ಮುಚ್ಚಿದ್ರ ನನ್ನ ರೊಟ್ಟಿ ದಿನಾ ಹೊತ್ತತಾವ."

"ನೋಡೂಣು ಕಾಕೂ," ಅಂದಳು ಮುಕ್ತಾ, ಅಷ್ಟೇ. ಡಬ್ಬಿಯನ್ನು ತೊಳೆದು ಒರೆಸಿ ಒಳಗೆ ತೆಗೆದುಕೊಂಡು ಹೋಗಿ, ಅದರ ತುಂಬ ಪೇರಲ ಹಣ್ಣು ತುಂಬಿ ತಂದಳು. ಮುದುಕಿ ಇನ್ನೂ ಸಾಲದು ಅನ್ನುವ ಹಾಗೆ ದೇವರ ಕಪಾಟಿನ ಹತ್ತಿರ ಹೋಗಿ, ಗಣಪತಿಯ ಹಿಂದಿನಿಂದ ನಾಲ್ಕು ಬೇಸನ್ ಉಂಡೆ ತೆಗೆದು, ತವರಿನವರಿಗೆ ಅಂತ ಮೇಲೆ ಇಟ್ಟಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರಳುವ ಲೋಕಲಿನಲ್ಲಿ ತೊಯ್ದ ಹುಡುಗರು ಒಬ್ಬರ ಮೇಲೊಬ್ಬರು ಒರಗಿ ತೂಕಡಿಸುತ್ತಿದ್ದರು. ಭೀಮವ್ವ ಮೊಬೈಲು ತೆಗೆದು, ಬೆರಳಿನಿಂದ ಪರದೆಯನ್ನು ಕೆಳಗೆ ಜಗ್ಗಿ ಬಿಟ್ಟಳು. ಹೊಸದೇನಿಲ್ಲ. ತಳೇಗಾವ ದಾಟಿತು. ಮತ್ತೆ ಜಗ್ಗಿದಳು. ಇಲ್ಲ. ಹೊರಗೆ ಮನೆಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು.

"ನೋಡೂಣು ಅಂದ್ರ ಏನ್ರಿ ಅರ್ಥ?" ಅಂತ ಕೇಳಿದಳು.

"ನಾ ನೋಡೂಣು ಅಂದ್ರ ಇಲ್ಲ ಅಂತ ಅರ್ಥ," ಅಂದ ಸಿದ್ರಾಮಪ್ಪ. ಅವಳ ಮುಖ ಬಾಡಿದ್ದು ಕಂಡು, "ಆಕಿ ಏನು ನಾನೇನು?" ಅಂತ ಸೇರಿಸಿ, ತನ್ನ ಜೇಬಿನಿಂದಲೂ ಮೊಬೈಲು ತೆಗೆದ. ಈಗ ಪೇಪರಿನ ಮರೆ ಬೇಕಿರಲಿಲ್ಲ. ಇಬ್ಬರೂ ಸರದಿಯ ಮೇಲೆ ಜಗ್ಗಿದರು.

ಚಿಂಚವಡ ಬಂದು ಹೋದ ಮೇಲೆ ಘಾಟಿನ ಕಿಡಕಿಯ ಪಕ್ಕ ಒಂದು ಅಂತ ಬಿತ್ತು.

"ಬಂತ್ರೀ!" ಅಂತ ಭೀಮವ್ವ ಕೂಗಿದ ಕೂಗಿಗೆ ತೂಕಡಿಸುತ್ತಿದ್ದ ಹುಡುಗರೆಲ್ಲ ಬೆಚ್ಚಿ ಎದ್ದು, ಸ್ಟೇಶನ್ ಬಂತು ಅಂತ ಚೀಲ ಹುಡುಕಿದರು. ಅವಳ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಗಿತ್ತು. "ನಂದೂ ಬಂತು ನೋಡು," ಅಂತ ಸಿದ್ರಾಮಪ್ಪ ಕನ್ನಡಕ ಏರಿಸಿಕೊಂಡ.

"ಕಿಡಕಿ ಮುಚ್ಚೂದಿಲ್ಲ," ಅಂತಲೇ ಶುರುವಾಗಿತ್ತು ಅದು. ಆಮೇಲೆ ಮಳೆಯಲ್ಲಿ ತೊಯ್ದು ಬಂದ ಇಬ್ಬರು, ಬೆಕ್ಕಿಗೆ ನಮಸ್ಕಾರ ಮಾಡಿದ ಹಿರಿಯರು, ಅಥಣಿಯ ಹಾಗೇ ಖಾರವಿದ್ದ ಚಟ್ನಿ. ಭೀಮವ್ವ ಸರಸರ ಓದಿ ಕೊನೆಗೆ ಬಂದಳು. ಕೊನೆಯಲ್ಲಿ ಮುಕ್ತಾ ಬರೆದಿದ್ದಳು: "ಕಾಕಾ ಕೈ ತೊಳಕೊಳ್ಳೂ ನೆವದಾಗ ಅಡಗಿಮನಿಗೆ ಬಂದು, ಚಹಾಕ್ಕ ಮೂರು ಚಮಚಾ ಸಕ್ರಿ ಹಾಕವ್ವಾ, ಕಾಕೂಗ ಹೇಳಬ್ಯಾಡ ಅಂದರು. ಕಾಕೂಗ ನಾ ಹೇಳಿಲ್ಲ. ಇಲ್ಲಿ ಬರದೀನಿ, ಅಷ್ಟಽ."

ಭೀಮವ್ವ ಮೊಬೈಲು ಮಡಿಲಲ್ಲಿ ಕವುಚಿ ಇಟ್ಟಳು. ಪಕ್ಕದಲ್ಲಿ ಸಿದ್ರಾಮಪ್ಪ ತುಟಿ ಅಲ್ಲಾಡಿಸುತ್ತ, ಒಂದೊಂದು ಸಾಲಿಗೂ ಮುಗುಳ್ನಗುತ್ತ, ಇನ್ನೂ ಬೆಕ್ಕಿನ ನಮಸ್ಕಾರದ ಹತ್ತಿರ ಇದ್ದ. ಅವಳು ಡಬ್ಬಿಯ ಮುಚ್ಚಳ ತೆರೆದು ಒಂದು ಪೇರಲ ಹಣ್ಣು ತೆಗೆದು, ಸೆರಗಿಗೆ ಒರೆಸಿ ಕಚ್ಚಿ, ಕಿಟಕಿಯ ಹೊರಗೆ ನೋಡುತ್ತ ಅವನು ಕೊನೆಯ ಸಾಲಿಗೆ ಬರುವುದನ್ನು ಕಾಯುತ್ತ ಕೂತಳು.